ಮೈನಸ್ ಆರು ಪಾಲು ಮರಳು

ನಾನು ಮಧುಗಿರಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಹೆಂಡತಿ ಶಾಂತಲಾ ಕೊರಟಗೆರೆ ಕಡೆಯ ಕುಂಬಾರರ ಮನೆ ಮಗಳು. ಹದಿನೇಳು ವರ್ಷಗಳಿಂದ ಆ ಮನೆಯಲ್ಲಿ ನನ್ನ ವಿದ್ಯೆ ಉಪಯೋಗಕ್ಕೆ ಬಂದದ್ದು ಫೋನಿನಲ್ಲಿ ಕರೆಂಟು ಬಿಲ್ಲು ಕಟ್ಟುವುದಕ್ಕೆ ಮಾತ್ರ. ಹಾಗಾಗಿ ಮಾವ ರಂಗಪ್ಪನವರಿಗೆ ತುಮಕೂರಿನ ಹೊಸ ಹೋಟೆಲಿನಿಂದ ಐನೂರು ಮೊಸರು ಕುಡಿಕೆಗಳ ಆರ್ಡರು ಬಂದಾಗ, ಕೊನೆಗೂ ನನ್ನ ಕಾಲ ಬಂತೆಂದು ಹಿಗ್ಗಿದೆ. ಈ ಕುಡಿಕೆ ಮೆಚ್ಚಿಗೆಯಾದರೆ ವರ್ಷವಿಡೀ ಕೆಲಸ. ಇಲ್ಲದಿದ್ದರೆ ಚಕ್ರ ಎತ್ತಿ ಅಟ್ಟಕ್ಕೆ ಹಾಕುವುದಾಗಿ ಮಾವ ಆಗಲೇ ಹೇಳಿಬಿಟ್ಟಿದ್ದರು.

ಊರ ಕೆರೆ ತುಂಬಿ ಮಾಮೂಲಿ ಮಣ್ಣೆಲ್ಲ ನೀರಿನಡಿ ಸೇರಿತ್ತು. ಹಿತ್ತಿಲಲ್ಲಿ ಉಳಿದಿದ್ದ ಕೆಂಪು ಮಣ್ಣಿಗೆ ಬೆರೆಸಲು ಪಾವಗಡದ ಕಡೆಯಿಂದ ಒಂದು ಲೋಡು ತರಿಸಿದರು. ಮಾವ ಅದನ್ನು ಅಂಗೈಯಲ್ಲಿ ತಿಕ್ಕಿ, ಗುಣ ನೋಡಲು ಚಿಟಿಕೆಯಷ್ಟನ್ನು ನಾಲಿಗೆಯ ಮೇಲಿಡಹೋದರು. ಇಪ್ಪತ್ತೊಂದನೆಯ ಶತಮಾನದಲ್ಲಿ! ನಾನು ಅವರ ಕೈ ಹಿಡಿದು ತಡೆದೆ. ಎರಡೂ ಮಣ್ಣನ್ನು ಬೆರೆಸಿ ಪೊಟ್ಟಣ ಕಟ್ಟಿ ಪರೀಕ್ಷೆಗೆ ಕಳಿಸಿದೆ.

ವರದಿ ಬಂತು. ಸಿಲಿಕಾ ಇಷ್ಟು, ಅಲ್ಯೂಮಿನಾ ಇಷ್ಟು, ಸುಣ್ಣದಂಶ ಇಷ್ಟು, ಸುಟ್ಟಾಗ ಹಾರಿಹೋದದ್ದು ಇಷ್ಟು. ಇದರಿಂದ ಮಣ್ಣಿನಲ್ಲಿರುವ ಖನಿಜಗಳನ್ನು ಲೆಕ್ಕ ಹಾಕುವುದು ನನ್ನಂಥವನಿಗೆ ಎಡಗೈ ಕೆಲಸ. ಅಲ್ಯೂಮಿನಾವನ್ನೆಲ್ಲ ಜೇಡಿಮಣ್ಣಿನ ಲೆಕ್ಕಕ್ಕೆ ಕೊಟ್ಟೆ. ಸುಣ್ಣದಂಶವನ್ನು ಒಂದು ಗಟ್ಟಿ ಕಲ್ಲಿನ ಖನಿಜಕ್ಕೆ ಕೊಟ್ಟೆ. ಹಾರಿಹೋದದ್ದು ಬರೀ ನೀರೆಂದು ತೀರ್ಪು ನೀಡಿದೆ. ಅವೆರಡಕ್ಕೂ ಬೇಕಾದ ಸಿಲಿಕಾ ಕಳೆದು ಕೊನೆಗೆ ಉಳಿದದ್ದೇ ಮರಳು. ಅದು ನೂರು ಪಾಲಿಗೆ ಮೈನಸ್ ಆರು ಬಂತು!

ಹೆಗಲ ಮೇಲಿಂದ ಇಣುಕಿದ ಶಾಂತಲಾ, "ಅಲ್ರೀ, ಇಲ್ದಿರೋ ಮರಳನ್ನ ಇನ್ನೂ ಆರು ಪಾಲು ಹೆಂಗ್ರೀ ತೆಗೆಯೋದು?" ಎಂದಳು. ವಿಜ್ಞಾನದಲ್ಲಿ ಹೆಂಗಸರು ಬಾಯಿ ಹಾಕಬಾರದೆಂದು ಹೇಳುವಷ್ಟು ಧೈರ್ಯ ನನಗಿಲ್ಲ. ಸುಮ್ಮನೆ ಮೈನಸ್ ಆರನ್ನು ಸೊನ್ನೆ ಮಾಡಿ, ಜೇಡಿಯಲ್ಲಿ ಆರು ಕಳೆದೆ. ಮೊತ್ತ ಸರಿಯಾಗಿ ನೂರು. ಆ ಪಟ್ಟಿಯನ್ನು ಲ್ಯಾಮಿನೇಟ್ ಮಾಡಿಸಿ ಮಾವನ ಮನೆಯ ಗೋಡೆಗೆ ತಗುಲಿಹಾಕಿದೆ.

ಮಣ್ಣು ತುಳಿಯುವ ದಿನ ಮಾವ ಕಡಲೆಕಾಳಿನಷ್ಟು ದಪ್ಪದ ಬಿಳಿ ಚೂರೊಂದನ್ನು ನನ್ನ ಮುಂದೆ ಹಿಡಿದರು.

"ಅಳಿಯಂದ್ರೇ, ಇದ್ರಾಗೆ ಸುಣ್ಣಕಲ್ಲು ಐತೆ. ಜಲ್ಡೆ ಹಿಡಿದ್ಬುಡ್ತೀನಿ."

ಗೋಡೆಯ ಮೇಲಿನ ಪಟ್ಟಿಯಲ್ಲಿ ಸುಣ್ಣಕಲ್ಲೇ ಇರಲಿಲ್ಲ. ಇಲ್ಲದ್ದನ್ನು ಜರಡಿ ಹಿಡಿದು ತೆಗೆಯುವುದೆಂದರೇನು? ತೆಗೆದರೆ ನನ್ನ ನೂರರಲ್ಲಿ ಒಂದಿಷ್ಟು ಕಡಿಮೆಯಾಗುವುದಿಲ್ಲವೇ? ಒಂದು ಕಲ್ಲನ್ನೂ ತೆಗೆಯಬಾರದು, ಕುಟ್ಟಿ ಅದರಲ್ಲೇ ಸೇರಿಸಿ ಎಂದು ಅಪ್ಪಣೆ ಮಾಡಿದೆ. ಅಳಿಯನ ಮಾತು ಮೀರಬಾರದೆಂದು ಪಾಪ ಅವರು ಜರಡಿ ಬದಿಗಿಟ್ಟು, ಚೂರುಗಳನ್ನು ಕುಟ್ಟಿ ಮಣ್ಣಿಗೇ ಬೆರೆಸಿದರು.

ಮಡಕೆ ಸುಡುವ ಆವಿಗೆಯಿಂದ ಹೊರಬಂದ ಕುಡಿಕೆಗಳು ಕೆಂಪಗೆ, ಬಡಿದರೆ ಠಣ್ಣೆನ್ನುವಂತಿದ್ದವು. ನಾನು ಅವುಗಳ ನಡುವೆ ನಿಂತು ಫೋಟೊ ತೆಗೆಸಿಕೊಂಡು, 'ಕುಂಬಾರಿಕೆಯಲ್ಲಿ ವಿಜ್ಞಾನದ ಹೆಜ್ಜೆ' ಎಂದು ವಾಟ್ಸಾಪ್ ಸ್ಟೇಟಸ್ ಹಾಕಿದೆ. ಪ್ರಿನ್ಸಿಪಾಲರೂ ಹೆಬ್ಬೆರಳು ಒತ್ತಿದರು.

ಕುಡಿಕೆ ಕಳಿಸಿದ ಮೂರನೇ ದಿನ ಹೋಟೆಲಿನವರು ವ್ಯಾನಿನಲ್ಲಿ ಅವನ್ನೆಲ್ಲ ತುಂಬಿಕೊಂಡು ಬಂದೇ ಬಿಟ್ಟರು. ಬೆಂಕಿಯಲ್ಲಿ ಬೆಂದ ಸುಣ್ಣಕಲ್ಲು ಮೊಸರಿನ ನೀರು ಕುಡಿದು ಉಬ್ಬಿ, ಕುಡಿಕೆಯ ಮೈಯನ್ನು ಬಿಲ್ಲೆ ಬಿಲ್ಲೆಯಾಗಿ ಸಿಡಿಸಿತ್ತು. ಗಿರಾಕಿಯೊಬ್ಬರ ಬಾಯಿಗೆ ಮೊಸರಿನ ಜೊತೆ ಚಕ್ಕೆಯೂ ಹೋಗಿತ್ತಂತೆ. ಇದನ್ನೇ ನಾನು ಪ್ರತಿವರ್ಷ ಪಾಠ ಮಾಡುತ್ತೇನೆ, ಬೋರ್ಡಿನ ಮೇಲೆ ಸಮೀಕರಣ ಸಮೇತ! ನೆಲ ಬಾಯಿ ಬಿಡಬಾರದೇ ಎನಿಸಿತು.

ಮಾವ ನನ್ನ ಕಡೆ ನೋಡಲೇ ಇಲ್ಲ. "ನಮ್ಮ ಅಳಿಯಂದ್ರು ಲೆಕ್ಕ ಸರಿಯಾಗೇ ಹಾಕಿದ್ರು ಸಾಮಿ. ನನ್ ಕೈಯೇ ತಪ್ತು," ಎಂದರು.

ನಾನು ಮುಂದೆ ಬಂದೆ. ಇಲ್ಲ, ಜರಡಿ ಹಿಡಿಯಲು ಬಿಡದವನು ನಾನೇ ಎಂದು ಎಲ್ಲವನ್ನೂ ಒಪ್ಪಿಕೊಂಡೆ, ಮೈನಸ್ ಆರನ್ನೂ ಸೇರಿಸಿ. ಹೋಟೆಲಿನವರು ಗೋಡೆಯ ಪಟ್ಟಿ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮಾವನಿಗೆ, ಇನ್ನೊಂದು ಸಲ ಮಾಡಿಕೊಡಿ ಎಂದರು. ಆದರೆ ಒಂದು ಷರತ್ತು.

"ಮೇಷ್ಟ್ರು ಮಣ್ಣಿನ ಹತ್ರ ಬರಂಗಿಲ್ಲ."

ಮಾವ ಒಂದು ಕ್ಷಣವೂ ಯೋಚಿಸದೆ ಒಪ್ಪಿಕೊಂಡರು. ಅದಕ್ಕಿಂತ ಬೇಗ ಶಾಂತಲಾ ಒಪ್ಪಿಕೊಂಡಳು. ಈಗ ಆರ್ಡರು ಚೆನ್ನಾಗಿ ನಡೆಯುತ್ತಿದೆ. ಹಬ್ಬಕ್ಕೆ ಹೋದರೆ ನನಗೆ ಅಳಿಯನ ಮರ್ಯಾದೆಯೆಲ್ಲ ಉಂಟು. ಹಿತ್ತಿಲಿನ ಬಾಗಿಲು ಮಾತ್ರ ಚಿಲಕ ಹಾಕಿರುತ್ತದೆ.