ಸ್ಟೀರಿಂಗ್ ಮುಟ್ಟದೆ ಚಿಂತಾಮಣಿ ಸೇರಿದ್ದು

ಗಂಡ ಹೆಂಡತಿ ಒಂದೇ ಕಾರಿನಲ್ಲಿ ದೂರದ ಊರಿಗೆ ಹೊರಟರೆ ದಾರಿಯುದ್ದಕ್ಕೂ ಜಗಳವಾಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ನಮಗೆ ಜಗಳವಾಡಲು ಪುರಸೊತ್ತೇ ಸಿಗುವುದಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಏನಾದರೊಂದು ಆಗಿಬಿಟ್ಟಿರುತ್ತದೆ.

ನಾನು ಮೇಷ್ಟ್ರು. ಊರು ಚಿಂತಾಮಣಿಯಾದರೂ ಪಾಠ ಹೇಳಿದ್ದೆಲ್ಲ ಉತ್ತರದಲ್ಲಿ, ಊರಿಂದ ಊರಿಗೆ ವರ್ಗವಾಗುತ್ತಾ. ಕೊನೆಗೆ ಆಗ್ರಾದಲ್ಲಿ ನಿವೃತ್ತನಾದೆ. ಮನೆಯ ಸಾಮಾನೆಲ್ಲ ಲಾರಿ ಹತ್ತಿ ಹೋಯಿತು, ಕಾರೊಂದು ಉಳಿಯಿತು. ಆಗ ಅಣ್ಣ ಫೋನ್ ಮಾಡಿದ. ಅವನು ಜೀವಮಾನವೆಲ್ಲ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡಿ ದನಿ ದಪ್ಪ ಮಾಡಿಕೊಂಡವನು. ಫೋನನ್ನು ಕಿವಿಗಿಟ್ಟುಕೊಳ್ಳುವ ಅಗತ್ಯವೇ ಇರುವುದಿಲ್ಲ.

“ಕಾರನ್ನೂ ಲಾರಿಗೆ ಹಾಕ್ಬಿಡೋ. ನೀವಿಬ್ರೂ ರೈಲಲ್ಲಿ ಬನ್ನಿ,” ಅಂದ.

ನನ್ನ ಹೆಂಡತಿ ಫೋನ್ ಕಿತ್ತುಕೊಂಡಳು. “ಭಾವ, ಕಾರು ನಾನೇ ಓಡಿಸ್ಕೊಂಡ್ ಬರ್ತೀನಿ.”

ಅಣ್ಣ ನಕ್ಕ ನಗೆಗೆ ಪಕ್ಕದ ಕ್ವಾರ್ಟರ್ಸಿನವರು ಹೊರಗೆ ಬಂದರು. “ಏನಮ್ಮ, ಆಗ್ರಾ ಅಂದ್ರೆ ಕೈವಾರ ಅಂದ್ಕೊಂಡ್ಯಾ? ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ಬರೋಕೆ?”

“ನಿಮ್ಮ ಮನೆ ಬಾಗಿಲಿಗೆ ತಂದು ನಿಲ್ಲಿಸ್ತೀನಿ. ದಾರೀಲಿ ಇನ್ಯಾರಾದ್ರೂ ಸ್ಟೀರಿಂಗ್ ಮುಟ್ಟಿದ್ರೆ ಕೇಳಿ.”

“ಹಂಗೇನಾದ್ರೂ ಬಂದ್ರೆ, ಗಂಡಸು ಅನ್ನೋದೂ ನೋಡಲ್ಲ, ನಾನೇ ನಿಂಗೆ ಆರತಿ ಎತ್ತುತೀನಿ ಬಾ!”

ಇವಳು ಕಾರು ಕಲಿತದ್ದು ಐವತ್ತು ದಾಟಿದ ಮೇಲೆ. ಓಡಿಸಿದ್ದು ತರಕಾರಿ ಸಂತೆಗೆ, ಬ್ಯಾಂಕಿಗೆ. “ಯಾಕೆ ಬೇಕಿತ್ತು ಕಣೇ ಈ ಶಪಥ?” ಎಂದೆ. “ಪ್ರತಿ ವರ್ಗಕ್ಕೂ ಸಾಮಾನಿನ ಜೊತೆ ಸಾಮಾನಾಗಿ ನಿಮ್ಮ ಹಿಂದೆ ಬಂದೆ. ಊರಿಗೆ ಹೋಗೋವಾಗ ನಾನು ಕರ್ಕೊಂಡ್ ಹೋಗ್ತೀನಿ,” ಅಂದಳು. ದನಿಯಲ್ಲಿ ತಮಾಷೆ ಇರಲಿಲ್ಲ. ನಾನು ಹೋಗಿ ಎಡಗಡೆ ಸೀಟಿನಲ್ಲಿ ಕೂತೆ.

ಮೀಸೆಯ ಮೇಲಿನ ಕಣ್ಣು

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ನಮ್ಮ ಕಡೆಯವರಿಗೆ ಕನ್ನಡ, ತೆಲುಗು ಎರಡೂ ಮನೆಮಾತೇ. ಆಗ್ರಾದಲ್ಲಿ ನಮ್ಮ ಮೇಲಿನ ಮನೆಯವರು ಧಾರವಾಡದವರು. ಅವರಿಗೆ ಕನ್ನಡ ತಿಳಿಯುತ್ತದೆಂದು ಗುಟ್ಟು ಮಾತಿಗೆಲ್ಲ ನಾವು ತೆಲುಗು ಬಳಸುತ್ತಿದ್ದೆವು. ಬರಬರುತ್ತಾ ಒಬ್ಬರನ್ನು ಎದುರಿಗೇ ನಿಲ್ಲಿಸಿಕೊಂಡು ಬೈಯಬೇಕಾದರೆ ನಾಲಗೆ ತಾನಾಗಿ ತೆಲುಗಿಗೆ ಹೊರಳುವಷ್ಟು ಅಭ್ಯಾಸವಾಗಿಹೋಯಿತು.

ಚಂಬಲ್ ದಾಟಿದೆವು. ಎರಡೂ ಕಡೆ ಮಣ್ಣಿನ ದಿಬ್ಬ, ಕೊರಕಲು. ಅಲ್ಲೊಬ್ಬ ಪೊಲೀಸ್ ಕೈ ಅಡ್ಡ ಹಾಕಿದ. ನೇರ ನನ್ನ ಕಿಟಕಿಗೆ ಬಂದು ಲೈಸೆನ್ಸ್ ಕೇಳಿದ. ನನ್ನ ಮುಂದೆ ಸ್ಟೀರಿಂಗೇ ಇಲ್ಲ. ಇವಳು ಆ ಕಡೆಯಿಂದ ಲೈಸೆನ್ಸ್ ಚಾಚಿದಳು. ಅವನು ಅದನ್ನು ನೋಡದೆ ಮತ್ತೆ ನನ್ನನ್ನೇ ಕೇಳಿದ.

ಇವಳು ತೆಲುಗಿನಲ್ಲಿ ಸಿಡಿದಳು. ಕನ್ನಡದಲ್ಲಿ ಹೇಳುವುದಾದರೆ, “ಮುಖವೆಲ್ಲ ಮೀಸೆಗೇ ಕೊಟ್ಟುಬಿಟ್ಟಿದ್ದಾನೆ, ಕಣ್ಣಿಗೆ ಜಾಗ ಉಳಿದಿಲ್ಲ!”

“ಮೇಡಂ ಏನು ಹೇಳ್ತಿದ್ದಾರೆ?” ಪೊಲೀಸ್ ಹಿಂದಿಯಲ್ಲಿ ಕೇಳಿದ.

“ನಿಮ್ಮ ಮೀಸೆ ಬಹಳ ಚೆನ್ನಾಗಿದೆಯಂತೆ,” ಎಂದೆ.

ಅವನ ಮುಖ ಅರಳಿತು. ಮೀಸೆ ತಿರುವಿ, ಕಾರನ್ನು ಸುತ್ತಿ ಇವಳ ಕಿಟಕಿಗೆ ಬಂದು ಸಲ್ಯೂಟ್ ಹೊಡೆದ. ಆಮೇಲೆ ನನ್ನ ಕಡೆ ಬಗ್ಗಿ, “ನಿಮಗೂ ಮೀಸೆ ಬಿಡೋಕೆ ಹೇಳ್ತಾರಾ?” ಅಂದ.

ದಿನಕ್ಕೆ ಎಷ್ಟು ಸಲ?

ಮಧ್ಯಪ್ರದೇಶದ ಸಾಗರ ದಾಟಿದ ಮೇಲೆ ಕಾಡು ಶುರು. ತೇಗದ ಮರ, ರಸ್ತೆ ಪಕ್ಕ ಸಾಲಾಗಿ ಕೂತ ಕೋತಿಗಳು. ಆ ಹೊತ್ತಿಗೆ ರೊಟ್ಟಿ, ದಾಲ್ ತಿಂದು ತಿಂದು ಇವಳ ಸಹನೆ ಮುಗಿದಿತ್ತು. ಡಿಕ್ಕಿಯಲ್ಲಿ ರಾಗಿಹಿಟ್ಟಿನ ಡಬ್ಬಿ ಇತ್ತು. ಒಂದು ಢಾಬಾದ ಮುಂದೆ ಕಾರು ನಿಲ್ಲಿಸಿ, ಡಬ್ಬಿ ಹಿಡಿದು ಸೀದಾ ಅಡುಗೆಮನೆಗೆ ನುಗ್ಗಿದಳು. ಢಾಬಾದವನಿಗೆ ಬೇಡ ಅನ್ನಲು ಧೈರ್ಯ ಬರಲಿಲ್ಲ.

ಮುದ್ದೆಕೋಲು ಇಲ್ಲ, ಲಟ್ಟಣಿಗೆಯಲ್ಲೇ ತಿರುವಿದಳು. ಮುದ್ದೆ ಕಟ್ಟಿ ತಟ್ಟೆಗಿಟ್ಟಾಗ ಲಾರಿ ಡ್ರೈವರುಗಳೆಲ್ಲ ಸುತ್ತ ನಿಂತಿದ್ದರು. ಒಬ್ಬ ಸರ್ದಾರ್ಜಿ ಕಪ್ಪು ಲಾಡು ಅಂದುಕೊಂಡು ಒಂದು ತುಂಡು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ. ಅಗಿದಷ್ಟೂ ಹಲ್ಲಿಗೆ ಅಂಟಿತು.

“ಅಗೀಬೇಡಿ, ನುಂಗಿ!” ಎಂದು ಇವಳು ಹಿಂದಿಯಲ್ಲಿ ಕೂಗಿದಳು. ಆತ ಕಣ್ಣುಮುಚ್ಚಿ ನುಂಗಿದ. ಉಳಿದವರು ಅವನ ಗಂಟಲನ್ನೇ ನೋಡುತ್ತಾ ನಿಂತರು.

ಆದರೆ ಹಿಡಿಯಿಲ್ಲದ ಬಾಣಲೆ ತಗುಲಿ ಇವಳ ಬಲ ಅಂಗೈ ಸುಟ್ಟಿತ್ತು. “ಇವತ್ತೊಂದು ದಿನ ನಾನು ಓಡಿಸ್ತೀನಿ ಕೊಡೇ,” ಎಂದೆ. “ಭಾವ ಆರತಿ ಎತ್ತೋದು ತಪ್ಪಿಸ್ಬೇಕು ಅಂತಾನಾ?” ಎಂದು ಒದ್ದೆ ಬಟ್ಟೆ ಸುತ್ತಿಕೊಂಡು ಕೂತೇಬಿಟ್ಟಳು. ನೋವಿಗೆ ಹಲ್ಲು ಕಚ್ಚಿಕೊಂಡೇ ಕೀಲಿ ತಿರುಗಿಸಿದಳು.

ಅಷ್ಟರಲ್ಲಿ ಸರ್ದಾರ್ಜಿ ಓಡಿಬಂದ. “ಬೆಹನ್‌ಜೀ, ಹೊಟ್ಟೆ ತಣ್ಣಗಾಯ್ತು. ಈ ಔಷಧಿ ದಿನಕ್ಕೆ ಎಷ್ಟು ಸಲ ನುಂಗಬೇಕು?”

ಇಡ್ಲಿಯ ಗೋಡೆ

ನಾಗಪುರದ ಕಿತ್ತಳೆ ತೋಟಗಳು ಹಿಂದಾದವು. ಹತ್ತಿ ಹೊಲಗಳು ಬಂದವು. ಅಂಗಡಿ ಬೋರ್ಡುಗಳ ಅಕ್ಷರ ಗುಂಡಗಾಯಿತು. ಬೋರ್ಡು ತೆಲುಗಾಯಿತು ಎಂದು ಸಂತೋಷಪಟ್ಟೆವೇ ಹೊರತು, ಜನರೂ ತೆಲುಗಿನವರೇ ಎಂಬುದು ಇಬ್ಬರ ತಲೆಗೂ ಹೊಳೆಯಲಿಲ್ಲ.

ಇಡ್ಲಿ ಸಿಗುತ್ತದೆಂದು ಒಂದು ಹೋಟೆಲಿಗೆ ಹೋದೆವು. ಬಂದ ಇಡ್ಲಿಗೆ ಚಮಚ ಚುಚ್ಚಿದರೆ ಚಮಚವೇ ಬಾಗಿತು. ಪಕ್ಕದ ಗಲ್ಲಾದಲ್ಲಿ ಮಾಲೀಕರು ಕೂತಿದ್ದರು. ಇವಳು ಅವರ ಕಡೆ ನೋಡಿ ನಯವಾಗಿ ನಕ್ಕು, ನನ್ನ ಕಡೆ ತಿರುಗಿ ಗುಟ್ಟಿನ ಭಾಷೆಯಲ್ಲಿ, “ಈ ಇಡ್ಲೀಲತೋ ಗೋಡ ಕಟ್ಟೊಚ್ಚು,” ಅಂದಳು. ಈ ಇಡ್ಲಿಯಲ್ಲಿ ಗೋಡೆ ಕಟ್ಟಬಹುದು!

“ಕಾಂಪೌಂಡೇ ಕಟ್ಟಬಹುದು,” ಎಂದು ನಾನೂ ತೆಲುಗಿನಲ್ಲೇ ಸೇರಿಸಿದೆ.

ಮಾಲೀಕರು ತಲೆ ಎತ್ತಲಿಲ್ಲ. ಚಿಲ್ಲರೆ ಜೋಡಿಸುತ್ತಲೇ, “ಎಂತ ಪೊಡುಗು ಗೋಡಮ್ಮಾ? ಚೆಪ್ತೇ ಪಾರ್ಸಲ್ ಕಟ್ಟಿಸ್ತಾ,” ಅಂದರು. ಎಷ್ಟು ಉದ್ದದ ಗೋಡೆಯಮ್ಮ, ಹೇಳಿದರೆ ಪಾರ್ಸಲ್ ಕಟ್ಟಿಸುತ್ತೇನೆ.

ತಟ್ಟೆಯಲ್ಲಿದ್ದ ಅಷ್ಟೂ ಇಡ್ಲಿಯನ್ನು ನಾವು ಮುದ್ದೆಯ ಹಾಗೆ ನುಂಗಿ ಹೊರಬಂದೆವು.

ಸಾರ್ ಹಾರ್ಟು

ಕರ್ನೂಲು ದಾಟಿದ ಮೇಲೆ ಒಂದರ ಮೇಲೊಂದು ಪೇರಿಸಿಟ್ಟ ಬಂಡೆಗಳು, ಕಡಲೆಕಾಯಿ ಹೊಲ, ಸುಡುವ ಬಿಸಿಲು. ಹೆಂಗಸು ಓಡಿಸುವುದು, ಗಂಡಸು ಪಕ್ಕದಲ್ಲಿ ಕೂರುವುದು ನೋಡಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು, ಸಾರ್‌ಗೆ ಮೈಯಲ್ಲಿ ಹುಷಾರಿಲ್ಲವಾ ಎಂದು. ಟೋಲ್‌ನಲ್ಲಿ ಕೇಳಿದರು, ಬಂಕ್‌ನಲ್ಲಿ ಕೇಳಿದರು. ಇವಳು ಉತ್ತರ ಹೇಳಿ ಹೇಳಿ ಸುಸ್ತಾದಳು.

ಅನಂತಪುರಕ್ಕೆ ಇನ್ನೂ ದೂರವಿರುವಾಗ ಟೈರು ಪಂಕ್ಚರಾಯಿತು. ಹೊಲದಿಂದ ರೈತರು ಬಂದರು. ಅದೇ ಪ್ರಶ್ನೆ. ಇವಳು ಜಾಕ್ ತೆಗೆಯುತ್ತಾ, “ಹೌದಪ್ಪ, ಹಾರ್ಟು,” ಎಂದುಬಿಟ್ಟಳು.

ತಗೋ! ಇಬ್ಬರು ನನ್ನ ತೋಳು ಹಿಡಿದು ಬೇವಿನ ಮರದಡಿ ಕೂರಿಸಿದರು. ಒಬ್ಬ ಟವೆಲಿನಿಂದ ಗಾಳಿ ಬೀಸಿದ. ಒಬ್ಬಾಕೆ ಮಜ್ಜಿಗೆ ತಂದಳು. “ನಾನು ಚೆನ್ನಾಗಿದ್ದೀನಿ” ಎಂದರೆ, “ಹಾರ್ಟಿನವರು ಹಂಗೇ ಅಂತಾರೆ, ಮಾತಾಡಬೇಡಿ” ಎಂದು ಗದರಿದರು. ಅತ್ತ ಇವಳು ಸುಟ್ಟ ಕೈಯಲ್ಲೇ ಟೈರು ಬದಲಾಯಿಸಿ ಮುಗಿಸಿದಳು. ಸಹಾಯಕ್ಕೆ ಹೋದವರಿಗೆಲ್ಲ, “ನೀವು ಅವರನ್ನ ನೋಡ್ಕೊಳ್ಳಿ,” ಎಂದೇ ಹೇಳಿದಳಂತೆ.

ಮತ್ತೆ ಹೊರಟೆವು. ಮುಂದೆ ಟೀ ಅಂಗಡಿಯೊಂದರ ಎದುರು ಕಾರು ನಿಂತಿತು. ಇವಳು ನನ್ನನ್ನು ನೋಡಿ, “ಎದೆ ಮೇಲಿಂದ ಕೈ ತೆಗೀರಿ, ಇಲ್ಲಿನ್ನೂ ಯಾರೂ ಕೇಳಿಲ್ಲ,” ಅಂದಳು.

ಸ್ಟಾರ್ಟ್ ಆಗುವ ಕಾರು

ಹಿಂದೂಪುರದಿಂದ ಗೌರಿಬಿದನೂರಿನ ಕಡೆ ಇಳಿದೆವು. ಇವಳ ತವರು ಅಲೀಪುರದ ಹತ್ತಿರದ ಹಳ್ಳಿ. ಮನೆಯಲ್ಲಿರುವುದು ಇವಳ ತಮ್ಮ, ಅವನ ಸಂಸಾರ. ಅವರೆಕಾಳಿನ ಸಾರು, ಮುದ್ದೆ ಊಟವಾಯಿತು. ಕೈ ತೊಳೆದು ಹೊರಗೆ ಬಂದ ಇವಳು ಕಿರುಚಿದಳು. ಬಾಗಿಲ ಮುಂದಿದ್ದ ಕಾರು ಬೀದಿ ತುದಿಯ ಹೊಂಗೆಮರದಡಿ ನಿಂತಿತ್ತು.

“ಬಿಸಿಲಿತ್ತಲ್ಲಕ್ಕ, ನೆರಳಿಗೆ ಹಾಕ್ದೆ,” ಅಂದ ತಮ್ಮ, ಹೊಗಳಿಕೆಗೆ ಕಾದು.

“ಅಲ್ಲಿಂದ ಇಲ್ಲಿವರ್ಗೂ ಯಾರೂ ಮುಟ್ಟಿರ್ಲಿಲ್ವಲ್ಲೋ! ಭಾವನಿಗೆ ಏನಂತ ಮುಖ ತೋರಿಸ್ಲಿ?” ಅಕ್ಕನ ಕಣ್ಣಲ್ಲಿ ನಿಜಕ್ಕೂ ನೀರು ಬಂತು. ತಮ್ಮ ಕಂಗಾಲಾದ. “ಸುಮ್ನಿರಕ್ಕ, ವಾಪಸ್ ತಂದು ನಿಲ್ಲಿಸ್ಬಿಡ್ತೀನಿ.”

“ಮತ್ತೆ ಓಡಿಸ್ತೀಯಾ?”

ಕೊನೆಗೆ ತೀರ್ಪಾಯಿತು. ತಮ್ಮ ಓಡಿಸಿದ್ದು ಲೆಕ್ಕಕ್ಕಿಲ್ಲದಂತೆ ಆಗಬೇಕಾದರೆ ಕಾರು ಎಲ್ಲಿತ್ತೋ ಅಲ್ಲಿಗೇ, ಇಂಜಿನ್ ಶುರುಮಾಡದೆ, ಕೈಯಿಂದ ತಳ್ಳಿಕೊಂಡು ಬರಬೇಕು. ಅಲ್ಲಿಂದ ಮುಂದಕ್ಕೆ ಇವಳು. ಇವಳೇ ಸ್ಟೀರಿಂಗ್ ಹಿಡಿದು ಕೂತಳು, ನಾನೂ ತಮ್ಮನೂ ತಳ್ಳಿದೆವು. ಏರು ಬೇರೆ. ಅಲೀಪುರದ ಕಡೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಸಾಹೇಬರೊಬ್ಬರು ನಮ್ಮ ಪಾಡು ನೋಡಿ ಇಳಿದು ತಾವೂ ಕೈ ಹಾಕಿದರು.

“ಸ್ಟಾರ್ಟ್ ಆಗಲ್ವಾ?” ಏದುಸಿರಿನಲ್ಲಿ ಕೇಳಿದರು.

“ಚೆನ್ನಾಗಿ ಆಗುತ್ತೆ,” ಅಂದ ತಮ್ಮ.

“ಮತ್ಯಾಕ್ರೀ ತಳ್ತಿರೋದು?”

“ನಿಮಗೆ ಅಕ್ಕ ಇದ್ದಾರಾ?”

ಸಾಹೇಬರು ಇನ್ನೊಂದು ಮಾತಾಡದೆ ಜೋರಾಗಿ ತಳ್ಳಿದರು.

ಬಾಗಿಲಲ್ಲಿ

ಚಿಕ್ಕಬಳ್ಳಾಪುರದಲ್ಲಿ ಹೂವು ಕೊಂಡೆವು. ಶಿಡ್ಲಘಟ್ಟ ದಾಟುವಾಗ ಹಿಪ್ಪುನೇರಳೆ ತೋಟ ನೋಡಿ ಇಬ್ಬರೂ ಕಿಟಕಿ ಗಾಜು ಇಳಿಸಿದೆವು. ಊರು ಬಂದೇಬಿಟ್ಟಿತಲ್ಲ! ಇವಳಿಗೆ ಏನೋ ಹೊಳೆಯಿತು. “ರೀ, ಇನ್ಮೇಲೆ ತೆಲುಗು ಬೇಡ. ಇಲ್ಲಿ ಎಲ್ರಿಗೂ ಬರುತ್ತೆ. ಗುಟ್ಟಿಗೆ ಹಿಂದಿ ಇಟ್ಕೊಳಣ.” ಇಡ್ಲಿಯ ಗೋಡೆ ಇನ್ನೂ ನೆನಪಿನಲ್ಲಿದ್ದುದರಿಂದ ನಾನೂ ಒಪ್ಪಿದೆ.

ಚಿಂತಾಮಣಿಯ ನಮ್ಮ ಬೀದಿಗೆ ತಿರುಗುವಲ್ಲೇ ಟೊಮೇಟೊ ಕ್ರೇಟು ತುಂಬಿದ ಟೆಂಪೊ ಅರ್ಧ ದಾರಿ ನುಂಗಿ ನಿಂತಿತ್ತು. ಇನ್ನರ್ಧದ ಅಂಚಿಗೆ ಚರಂಡಿ. ಅದರಾಚೆ, ನಾಲ್ಕು ಮನೆ ದೂರದಲ್ಲಿ, ಬೀದಿಯ ಜನವೆಲ್ಲ ಸೇರಿದ್ದರು. ನಡುವೆ ಅಣ್ಣ. ಪಕ್ಕದಲ್ಲಿ ಅತ್ತಿಗೆ, ಕೈಯಲ್ಲಿ ಕೆಂಪು ಆರತಿಯ ತಟ್ಟೆ. ಅಣ್ಣ ಬಿರಬಿರನೆ ನಡೆದುಬಂದು ಕಿಟಕಿಗೆ ಬಗ್ಗಿದ.

“ಸಾಕು ಇಳಿಯಮ್ಮ. ಬಂದಂಗೇ ಲೆಕ್ಕ. ಇಲ್ಲಿಂದ ನಾನು ತರ್ತೀನಿ. ಸಂದು ಕಿರಿದು, ಚರಂಡಿಗೆ ಬಿದ್ದೀಯ.”

ಇವಳು ವಿನಯದಿಂದ ಸೆರಗು ಸರಿಮಾಡಿಕೊಂಡು, ನಗುನಗುತ್ತಲೇ ನನ್ನ ಕಡೆ ತಿರುಗಿ ಹಿಂದಿಯಲ್ಲಿ, “ಬುಡ್ಢೇ ಕೋ ಆರತಿ ಸೇ ಬಚನೇ ಕಾ ಬಹಾನಾ ಚಾಹಿಯೇ,” ಅಂದಳು. ಮುದುಕನಿಗೆ ಆರತಿ ತಪ್ಪಿಸಿಕೊಳ್ಳಲು ನೆಪ ಬೇಕಾಗಿದೆ.

ಅಣ್ಣನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಸರಿಯಮ್ಮ, ನಿನ್ನಿಷ್ಟ,” ಎಂದು ಹಿಂದೆ ಸರಿದ.

ಇವಳು ಕನ್ನಡಿ ಮಡಚಿದಳು. ಸುಟ್ಟ ಕೈಯ ಬಟ್ಟೆ ಬಿಚ್ಚಿ ಸ್ಟೀರಿಂಗ್ ಬಿಗಿಯಾಗಿ ಹಿಡಿದಳು. ಬೀದಿಯೆಲ್ಲ ಸಲಹೆ ಕೊಡತೊಡಗಿತು. ಎಡಕ್ಕೆ ಅಂದರು, ಬಲಕ್ಕೆ ಅಂದರು, ಒಬ್ಬ ತೆಲುಗಿನಲ್ಲಿ ಹಿಂದಕ್ಕೆ ಅಂದ. ನಾನು ಉಸಿರು ಹಿಡಿದು ಕೂತೆ; ಚರಂಡಿ ನನ್ನ ಕಡೆಯೇ ಇತ್ತು. ಕಾರು ಇಂಚಿಂಚಾಗಿ ಸರಿದು, ಟೊಮೇಟೊ ಕ್ರೇಟನ್ನು ಸೋಕಿಯೂ ಸೋಕದ ಹಾಗೆ ದಾಟಿ, ಅಣ್ಣನ ಮನೆಯ ಬಾಗಿಲಿಗೆ ನೇರವಾಗಿ ನಿಂತಿತು. ಬೀದಿ ಚಪ್ಪಾಳೆ ಹೊಡೆಯಿತು. ನನ್ನ ಕಣ್ಣು ತುಂಬಿತು, ನಾಚಿಕೆಯಿಲ್ಲದೆ ಒರೆಸಿಕೊಂಡೆ.

ಅಣ್ಣ ಅತ್ತಿಗೆಯ ಕೈಯಿಂದ ತಟ್ಟೆ ತೆಗೆದುಕೊಂಡ. ಗೂಡು ತೂಗಿದ ಕೈ, ಆರತಿ ಎತ್ತಿ ಗೊತ್ತಿಲ್ಲ. “ಬಲಗಡೆಯಿಂದ ರೀ!” ಎಂದು ಅತ್ತಿಗೆ ತಿದ್ದಿದರು. ಕಿಟಕಿಯ ಮುಂದೆ ಮೂರು ಸುತ್ತು ಎತ್ತಿ, ಕೆಂಪು ನೀರಿನಲ್ಲಿ ಬೆರಳದ್ದಿ ಇವಳ ಹಣೆಗೆ ಬೊಟ್ಟಿಟ್ಟ. ಆಮೇಲೆ ಬಗ್ಗಿ, ಗೂಡಿನ ಮಾರುಕಟ್ಟೆಯ ಸಾಬರ ಜೊತೆ ಜೀವಮಾನವೆಲ್ಲ ಆಡಿದ ನಮ್ಮ ಕಡೆಯ ಉರ್ದುವಿನಲ್ಲಿ ಹೇಳಿದ, “ಬುಡ್ಡಾ ಬಹಾನಾ ನೈ ಕರ್ತಾ ಬೇಟೀ. ಬೋಲೇ ಸೋ ಕರ್ತಾ.” ಮುದುಕ ನೆಪ ಹೇಳುವುದಿಲ್ಲ ಮಗಳೇ, ಆಡಿದ್ದನ್ನು ಮಾಡುತ್ತಾನೆ.

ಇವಳ ಕಾಲು ಕ್ಲಚ್ಚಿನಿಂದ ಜಾರಿತು. ಕಾರು ಒಮ್ಮೆ ಕುಪ್ಪಳಿಸಿ ಆಫ್ ಆಯಿತು. ಬೀದಿಗೆ ಬೀದಿಯೇ ನಕ್ಕಿತು, ಎಲ್ಲರಿಗಿಂತ ಜೋರಾಗಿ ಅಣ್ಣ. ಇವಳ ಮುಖ ಆರತಿ ನೀರಿಗಿಂತ ಕೆಂಪಾಗಿತ್ತು.

ನಗು ನಿಂತ ಮೇಲೆ ಅಣ್ಣ ಡಿಕ್ಕಿ ತಟ್ಟಿದ. “ತೆಗಿಯಮ್ಮ, ಹಿಂದಿರೋ ಸಾಮಾನು ಇಳಿಸಣ.”

ಇವಳಿಗೆ ಅಷ್ಟರಲ್ಲಿ ದನಿ ಬಂದಿತ್ತು. ಇನ್ನು ಗುಟ್ಟಿಗೆ ಯಾವ ಭಾಷೆಯೂ ಉಳಿದಿಲ್ಲವೆಂದು ಗೊತ್ತಾಗಿ, ಎಲ್ಲರಿಗೂ ಕೇಳುವ ಹಾಗೆ ಅಚ್ಚ ಕನ್ನಡದಲ್ಲೇ ಹೇಳಿದಳು.

“ಹಿಂದಿರೋದು ಆಮೇಲೆ ಭಾವ. ಆಗ್ರಾದಿಂದ ಮುಂದಿನ ಸೀಟಲ್ಲೇ ಹೊತ್ಕೊಂಡ್ ಬಂದಿದ್ದೀನಲ್ಲ, ಮೊದಲು ಈ ಸಾಮಾನು ಇಳಿಸ್ಕೊಳ್ಳಿ.”