ಥವಿನನ ಹುಬ್ಬು ಹೋದ ದಿನ

ಬಾತುಕೋಳಿ ಸಾಕುವ ಥವಿನ್ ನಲವತ್ತು ದಾಟಿದರೂ ಕಾವಿ ಉಟ್ಟಿರಲಿಲ್ಲ. ಜೀವಮಾನದ ಸನ್ಯಾಸವೇನಲ್ಲ, ಬೌದ್ಧ ಮಠದಲ್ಲಿ ಒಂದು ಮಳೆಗಾಲದ್ದು ಸಾಕು. ಮಗನ ಕಾವಿಯ ಸೆರಗು ಹಿಡಿದೇ ತಾಯಿ ಸ್ವರ್ಗಕ್ಕೆ ಹೋಗಬೇಕು ಎಂಬುದು ಆ ಊರಿನ ನಂಬಿಕೆ. ಅಮ್ಮ ಬುವಾಲೈ ವರ್ಷವರ್ಷವೂ ಕೇಳುವಳು. ಇವನು "ಮನಸ್ಸು ಬರ್ಲಿ ಇರಮ್ಮ" ಎನ್ನುವನು. ಬಂದದ್ದು ಬರೀ ಹೊಟ್ಟೆ.

ಈ ಸಲ ಅಮ್ಮ ಕೇಳಲೇ ಇಲ್ಲ. ಬೆಳಿಗ್ಗೆ ಏನೂ ಹೇಳದೆ ಮಠಕ್ಕೆ ಹೊರಟುಹೋಗಿದ್ದಳು. ಥವಿನನಿಗೆ ಚುರುಕ್ಕೆಂದಿತು. ಮನಸ್ಸು ಬಂದಾಗ ಬರಲಿ, ಮೊದಲು ಕೂದಲು ಹೋಗಲಿ ಎಂದು ಪಕ್ಕದ ಮನೆಯ ಕ್ಷೌರಿಕ ಚಲೂಯ್ ಮಾಮನ ಮುಂದೆ ಕೂತ.

"ನಾನು ಎದ್ದು ಓಡೋಕ್ ಮುಂಚೆ ಬೋಳಿಸ್ಬಿಡು ಮಾಮ."

"ಹುಬ್ಬು? ಭಿಕ್ಷುಗಳಿಗೆ ಅದೂ ಇರ್ಬಾರ್ದಲ್ಲ."

"ಅದೂನೂ! ಹುಬ್ಬಿಲ್ದೆ ಯಾವ ಮುಖ ಹೊತ್ಕೊಂಡು ವಾಪಸ್ ಬರ್ಲಿ?"

ತಲೆ ಸುಲಿದ ಮೊಟ್ಟೆಯಂತಾದ ಮೇಲೆ ಎದುರುಮನೆ ಸಂಲೀ ಅಕ್ಕ ಓಡಿಬಂದಳು. "ಅಯ್ಯೋ ಮಂಕೇ, ಮೊದಲ ಕುಚ್ಚು ಅಮ್ಮ ಅಲ್ವೇನೋ ಕತ್ತರಿಸ್ಬೇಕಾದ್ದು! ಅವಳಿಗೋಸ್ಕರ ಮಾಡೋ ಕೆಲಸದಲ್ಲಿ ಅವಳನ್ನೇ ಬಿಟ್ಯಲ್ಲೋ!"

"ಮಾಮ, ನಿಂಗಾದ್ರೂ ನೆನಪಾಗ್ಲಿಲ್ವಾ?"

"ನೀನು ಓಡ್ಹೋಗ್ತೀಯ ಅನ್ನೋ ಭಯದಲ್ಲಿ ಎಲ್ಲಾ ಮರೆತ್ಹೋಯ್ತಪ್ಪ."

ಕೆಳಗೆ ಬಿದ್ದ ಕೂದಲನ್ನು ತಾವರೆ ಎಲೆಯಲ್ಲಿ ಕಟ್ಟಿಕೊಂಡ. ಅದನ್ನೇ ಅಮ್ಮನ ಕೈಯಲ್ಲಿ ಒಂದಿಷ್ಟು ಕತ್ತರಿಸಿಸಿದರಾಯಿತು ಎಂದು ಮಠಕ್ಕೆ ಓಡಿದ. ದಾರಿಯಲ್ಲಿ ಮೀನು ಮಾರುವವಳು ಭಕ್ತಿಯಿಂದ ಕೈಮುಗಿದಳು. ಹೂಹೂವಿನ ಅಂಗಿ ಕಂಡು ಮುಗಿದ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು.

ಮಠದ ಜಗಲಿಯಲ್ಲಿ, ಹಿರಿಯ ಭಿಕ್ಷುವಿನ ಎದುರು, ಬಿಳಿ ಬಟ್ಟೆಯ ಸನ್ಯಾಸಿನಿಯೊಬ್ಬಳು ಕೂತಿದ್ದಳು. ಬೋಳು ತಲೆ, ಹುಬ್ಬಿಲ್ಲ. ತಿರುಗಿದರೆ, ಅಮ್ಮ!

"ಏನೋ ಇದು ನಿನ್ನ ಅವತಾರ?"

"ನಿಂದೇನಮ್ಮ?"

"ನಿನ್ನ ಮನಸ್ಸಿಗೆ ಕಾದೂ ಕಾದೂ ಸಾಕಾಯ್ತು. ನನ್ನ ಪುಣ್ಯ ನಾನೇ ನೋಡ್ಕೊಳ್ಳೋಣ ಅಂತ ಬಂದೆ. ಈಗ ತಾನೆ ವ್ರತ ಹಿಡಿದೆ, ಮಳೆಗಾಲ ಮುಗಿಯೋವರೆಗೂ ಇಲ್ಲೇ."

"ನಾನೂ ಬಂದೆನಲ್ಲಮ್ಮ!"

"ನೀನೂ ಬಂದ್ರೆ ಬಾತುಕೋಳಿಗಳಿಗೆ ಯಾರೋ ದಿಕ್ಕು? ನೀನು ಮನೆ ಬಿಟ್ಟು ಕದಲಲ್ಲ ಅನ್ನೋ ಧೈರ್ಯದ ಮೇಲೇ ಹೊರಟೆ ನಾನು."

"ಮುಂದಿನ ವರ್ಷ ಬಾರಪ್ಪ," ಎಂದರು ಭಿಕ್ಷು.

ಅಮ್ಮ ಅವನ ನುಣ್ಣನೆ ತಲೆ ಸವರಿದಳು. ಕೈ ಅಲ್ಲೇ ನಿಂತಿತು. "ನಿನ್ನೆ ಒಂದ್ ಮಾತು ಹೇಳ್ಬಾರ್ದಿತ್ತೇನೋ? ಈ ಕೂದಲಿಗೆ ಅಂತ್ಲೇ ಕತ್ತರಿ ಎತ್ತಿಟ್ಟಿದ್ದೆ."

ಥವಿನ್ ತಾವರೆ ಎಲೆಯ ಗಂಟನ್ನು ಅಮ್ಮನ ಮುಂದಿಟ್ಟ. ಇಷ್ಟು ವರ್ಷ ಕಾಯಿಸಿದ ಮನಸ್ಸು ಆಗ ಬಂತು, ಪೂರ್ತಿಯಾಗಿ. ಅದನ್ನು ಕಟ್ಟಿಕೊಂಡು ಅವನು ಮನೆಗೆ ಹೋಗಿ ಬಾತುಕೋಳಿಗಳಿಗೆ ತೌಡು ಕಲಸಿದ.