ಮುಳುಗುವ ಸೂರ್ಯನನ್ನು ಎತ್ತಿದ್ದು

ಪಶ್ಚಿಮ ಸಮುದ್ರದಲ್ಲಿ ಮುಳುಗುತ್ತಿದ್ದ ಸೂರ್ಯನನ್ನು ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಚಾಪೆಯ ಮೇಲೆ ಕೂತು, ಎಡಗೈಯಲ್ಲಿ ಚಹಾದ ಬಸಿ ಹಿಡಿದುಕೊಂಡೇ ಮತ್ತೆ ಮೇಲಕ್ಕೆ ಎತ್ತಿದವನು ನಾನು. ನಂಬುವುದಿಲ್ಲ ಅಲ್ಲವೇ? ನಂಬಬೇಡಿ. ನಂಬದೆ ಕೊನೆಯವರೆಗೆ ಓದಿ ತೋರಿಸಿ, ನೋಡೋಣ. ನನ್ನ ಮಾತು ನಂಬಬಾರದೆಂದು ಗಟ್ಟಿಮನಸ್ಸು ಮಾಡಿ ಕೂತವರನ್ನು ಬಹಳ ಕಂಡಿದ್ದೇನೆ. ಎದ್ದು ಹೋಗುವಾಗ ಎಲ್ಲರೂ ಕೇಳುವುದು ಒಂದೇ: "ಖರೇ ಏನ್ರೀ?"

ಆಗ ನಾನು ಮೆಹಬೂಬ ಚಾಚಾನ ಫೋಟೋ ಅಂಗಡಿಯಲ್ಲಿ ಚಿತ್ರ ತಿದ್ದುವ ಕೆಲಸಕ್ಕಿದ್ದೆ. ಚಾಚಾ ಫೋಟೋ ತೆಗೆಯುತ್ತಿದ್ದ, ನಾನು ಅದನ್ನು ನೋಡುವ ಹಾಗೆ ಮಾಡುತ್ತಿದ್ದೆ. ಫೋಟೋ ಎಲ್ಲಾ ಕಪ್ಪು-ಬಿಳುಪು. ಅದರ ಮೇಲೆ ಹತ್ತಿಯಿಂದ, ಕುಂಚದಿಂದ ಬಣ್ಣ ಹಚ್ಚುವುದು ನನ್ನ ಕೈಚಳಕ. ನಮ್ಮ ಕಡೆಯ ಮಂದಿ ತಾವು ಇದ್ದ ಹಾಗೆ ಕಾಣಲಿಕ್ಕೆ ಫೋಟೋ ತೆಗೆಸಿಕೊಳ್ಳುತ್ತಿರಲಿಲ್ಲ. ಇದ್ದ ಹಾಗೆ ಕಾಣಲಿಕ್ಕೆ ಮನೆಯಲ್ಲಿ ಕನ್ನಡಿ ಇತ್ತಲ್ಲ! ನಮ್ಮ ಅಂಗಡಿಯ ಪದ್ಧತಿ ಏನೆಂದರೆ, ಯಾರೂ ಬಂಗಾರವಿಲ್ಲದೆ ಹೊರಗೆ ಹೋಗಬಾರದು. ಬರಿಗೊರಳಿನಿಂದ ಬಂದ ಹೆಣ್ಣುಮಗಳಿಗೂ ನನ್ನ ಕುಂಚ ಒಂದು ಸರ, ಎರಡು ಬೆಂಡೋಲೆ ಕೊಟ್ಟೇ ಕಳಿಸುತ್ತಿತ್ತು. ಬೋಳುತಲೆಯ ಮದುವೆಗಂಡು ಒಬ್ಬನಿಗೆ ನಾನು ಎಂಥ ಕ್ರಾಪು ಬಿಡಿಸಿದೆನೆಂದರೆ, ಹೆಣ್ಣಿನ ಕಡೆಯವರು ಗಂಡು ನೋಡಲು ಬಂದಾಗ ಅವನನ್ನೇ "ಗಂಡು ಎಲ್ಲಿ?" ಎಂದು ಕೇಳಿದರಂತೆ. ಆ ಮದುವೆ ಆಯಿತೋ ಇಲ್ಲವೋ ಅದು ಬೇರೆ ಮಾತು. ಕ್ರಾಪು ಮಾತ್ರ ಫಸ್ಟ್‌ಕ್ಲಾಸಾಗಿತ್ತು.

ಇಂಥ ನನಗೆ ಕುಮಟೆಯ ಕಡೆಯಿಂದ ಹೆಂಡತಿ ಬಂದಳು. ತೆಂಗಿನಕಾಯಿ ವ್ಯಾಪಾರಕ್ಕೆಂದು ಘಟ್ಟ ಇಳಿದ ನನ್ನ ಸೋದರಮಾವ ಕಾಯಿಯ ಜೊತೆಗೆ ತಂದ ಸಂಬಂಧ ಅದು. ಹೆಸರು ಶಾರದಾ. ನಾವು ಮಾತುಮಾತಿಗೆ 'ರಿ' ಅನ್ನುವಲ್ಲಿ ಅವಳು 'ರಾ' ಅನ್ನುತ್ತಿದ್ದಳು. ಹುಟ್ಟಿದಾಗಿನಿಂದ ಸಮುದ್ರದ ಸದ್ದು ಕೇಳಿ ಬೆಳೆದವಳಿಗೆ ನಮ್ಮೂರ ಧೂಳು, ಜೋಳದ ರೊಟ್ಟಿ ಬಡಿಯುವ ಸದ್ದು ಯಾವುದೂ ಒಗ್ಗಲಿಲ್ಲ. "ಇಲ್ಲಿಯ ಗಾಳಿಗೆ ಉಪ್ಪೇ ಇಲ್ಲ ರಾ" ಎಂದು ಒಂದು ದಿನ ಹೇಳಿದಳು. ಉಪ್ಪು ಸಾರಿಗೆ ಬೇಕೆಂದು ಗೊತ್ತಿತ್ತು, ಗಾಳಿಗೂ ಬೇಕೆಂದು ನನಗೇನು ಗೊತ್ತು! ತವರಿನಿಂದ ತಂದ ಟ್ರಂಕನ್ನು ಅವಳು ಪೂರ್ತಿ ಬಿಚ್ಚಿರಲೇ ಇಲ್ಲ. ಸೀರೆಗಳೆಲ್ಲ ಅದರೊಳಗೇ, ಟ್ರಂಕು ಬಾಗಿಲ ಪಕ್ಕದಲ್ಲೇ. ಬರುವಾಗ ಹೋಗುವಾಗ ನನಗೆ ಅದು ತಗಲಿ ಮೊಣಕಾಲಿಗೆ ನೋವು. ಎದೆಗೂ ಅಷ್ಟೇ ಅನ್ನಿ.

ಮೊದಲ ದೀಪಾವಳಿಗೆ ಅಳಿಯನಾಗಿ ಅವಳ ಊರಿಗೆ ಹೋದಾಗ ಚಾಚಾನ ಮರದ ಕ್ಯಾಮೆರಾ ಹೊತ್ತುಕೊಂಡೇ ಹೋದೆ. ಯುದ್ಧದ ಕಾಲ, ಬಸ್ಸು ಇದ್ದಿಲಿನ ಹೊಗೆಯ ಮೇಲೆ ಓಡುತ್ತಿತ್ತು, ಫೋಟೋದ ಗಾಜಿನ ಪ್ಲೇಟು ಪೇಟೆಯಲ್ಲಿ ಸಿಗುತ್ತಲೇ ಇರಲಿಲ್ಲ. ಚಾಚಾ ಕೊಟ್ಟದ್ದು ಒಂದೇ ಪ್ಲೇಟು. ಸಂಜೆ ದಂಡೆಯಲ್ಲಿ ಕ್ಯಾಮೆರಾ ನಿಲ್ಲಿಸಿ ಕರಿಬಟ್ಟೆಯೊಳಗೆ ತಲೆ ತೂರಿಸಿದರೆ ಸೂರ್ಯನಿಗೆ ಅಡ್ಡ ಮಾವನವರು ನಿಂತಿದ್ದಾರೆ, ಕೊಡೆ ಸಮೇತ. ಕೊಡೆಯಿಲ್ಲದೆ ಅಂಗಳಕ್ಕೂ ಇಳಿಯದ ಮನುಷ್ಯ ಅವರು. "ಮಾವನೋರ, ಸ್ವಲ್ಪ ಸರೀರಿ" ಅಂದೆ. ಸರಿದರು. "ಇನ್ನೂ ಸ್ವಲ್ಪ" ಅಂದೆ. ಅಳಿಯನ ಮಾತು ಮೀರದ ಸಾಧು. ಸರಿದರು, ಸರಿದರು, ಎಲ್ಲಿಗೆ ಹೋಗಿ ನಿಂತರೋ ನಾನು ನೋಡಲಿಲ್ಲ. ಸೂರ್ಯ ಇಳಿಯುತ್ತಿದ್ದ, ನಾನು ತೆಗೆದುಬಿಟ್ಟೆ.

ಹುಬ್ಬಳ್ಳಿಗೆ ಮರಳಿದ ಮೇಲೆ ಶಾರದಾ, ಸಂಕ್ರಾಂತಿಗೆ ಹೋಗಿ ನಾಲ್ಕು ದಿನ ತವರಿನಲ್ಲಿದ್ದು ಬರುತ್ತೇನೆ ಅಂದಳು. ದೀಪಾವಳಿ ಮುಗಿಸಿ ಬಂದು ಇನ್ನೂ ಕಾಲಿನ ಮರಳು ಹೋಗಿರಲಿಲ್ಲ! ಆ ನಾಲ್ಕು ದಿನ ನಾಲ್ಕು ತಿಂಗಳಾಗುತ್ತದೆಂದು ನನಗೆ ಒಳಗೊಳಗೇ ಅಂಜಿಕೆ. ಅಂಜಿದಾಗ ನಾನು ಜಂಬ ಕೊಚ್ಚುತ್ತೇನೆ. ಅವ್ವನ ಮುಂದೆ ಎದೆ ಉಬ್ಬಿಸಿ ಹೇಳಿದೆ: "ಸಮುದ್ರಾನ ತಂದು ಗ್ವಾಡಿಗೆ ತೂಗ ಹಾಕ್ತೇನಿ. ಆಮ್ಯಾಲೆ ಆ ಟ್ರಂಕು ಖಾಲಿ ಬಿದ್ದು ಅದರ ಮ್ಯಾಲೆ ಬೆಕ್ಕು ಮಲಗತೈತಿ, ನೋಡ್ಕೋತಿರು."

ಪ್ಲೇಟಿನಲ್ಲಿ ಎಲ್ಲವೂ ಉಲ್ಟಾ. ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಕಾಣುತ್ತದೆ. ಬಲತುದಿಯಲ್ಲಿ ಏನೋ ಒಂದು ಬಿಳಿ ಹುಳುಕು ಚುಕ್ಕೆ. ಕಾಗದದ ಮೇಲೆ ಕಪ್ಪಾಗಿ ಅಚ್ಚಾಗುವಂಥದು. ನನ್ನ ಕೈ ಸುಮ್ಮನಿರುತ್ತದೆಯೇ? ಪೆನ್ಸಿಲಿನಿಂದ ನಾಜೂಕಾಗಿ ತುಂಬಿ ಅದನ್ನು ಇಲ್ಲವಾಗಿಸಿದೆ. ಆಮೇಲೆ ಕಾಗದಕ್ಕೆ ಅಚ್ಚು ತೆಗೆದು ಚಾಚಾನಿಗೆ ತೋರಿಸಿದೆ.

"ಅರೇ, ಈ ಸೂರ್ಯ ನೋಡು, ಜ್ವರ ಬಂದೋರ ಹಂಗ ಕಾಣಾಕತ್ತಾನ" ಎಂದ ಚಾಚಾ. "ನಮ್ಮ ಅಂಗಡ್ಯಾಗಿಂದ ಇಂಥ ಬಣ್ಣಗೆಟ್ಟ ಮಾರಿ ಹೊರಗ ಹೋದ್ರ ಮಂದಿ ಏನಂದಾರು? ಹಚ್ಚು ಕೇಸರಿ! ಬಂಗಾರ ಯಾವಾಗ ಹಾಕಾಂವ?"

ಕೇಸರಿ ಹಚ್ಚಿದೆ. ಅಲೆಗಳ ಅಂಚಿಗೆ ಇಳಕಲ್ ಸೀರೆಯ ಸೆರಗಿನ ಕೆಂಪು ಕೊಟ್ಟೆ. ಅಂಗಡಿಯ ಪದ್ಧತಿ ಬಿಡಲಾಗುತ್ತದೆಯೇ, ಸಮುದ್ರಕ್ಕೂ ಒಂದೆಳೆ ಬಂಗಾರ. ಕಟ್ಟು ಹಾಕಿಸಿ ಮನೆಗೆ ತಂದರೆ ಅವ್ವ ಹಣೆ ಗಂಟಿಕ್ಕಿದಳು.

"ಅಲ್ಲೋ, ಮುಳುಗೋ ಸೂರ್ಯನ್ನ ಯಾರರ ಪಡಸಾಲ್ಯಾಗ ತೂಗ ಹಾಕ್ತಾರೇನೋ? ದೀಪಾ ಹಚ್ಚೋ ಹೊತ್ತಿನ್ಯಾಗ ಮನಿ ಎದುರಿಗೇ ಮುಳುಗಿಕೋತ ಕೂಡ್ತಾನಲ್ಲೋ!"

"ಮತ್ತೇನ್ ಮಾಡ್ಲಿ ಯವ್ವಾ?"

"ಮ್ಯಾಲೆ ಎತ್ತು. ಊರ ಬೋಳತಲಿಗೆಲ್ಲಾ ಕೂದಲಾ ಹಚ್ಚತೀ, ಒಬ್ಬ ಸೂರ್ಯನ್ನ ಎತ್ತಾಕ ಆಗೂದಿಲ್ಲೇನು?"

ಇಂಥ ಮಾತಿಗೆ ನಾನು ಹಿಂದೆ ಸರಿಯುವವನಲ್ಲ. ಕಟ್ಟು ಬಿಚ್ಚಿ, ಚಾಚಾನ ಚಾಪೆಯ ಮೇಲೆ ಮತ್ತೆ ಕೂತೆ. ಆದರೆ ಮುಳುಗುವವನಿಗೂ ಹುಟ್ಟುವವನಿಗೂ ಮುಖ ಒಂದೇ, ಗುರುತು ಹೇಗೆ? ಚಹಾ ಕುಡಿಯುತ್ತಾ ಯೋಚಿಸಿದೆ. ಸೂರ್ಯನನ್ನು ಬೆರಳಗಲ ಮೇಲಕ್ಕೆ ಒಯ್ದು, ಮರಳಿನ ಮೇಲೆ ಒಂದು ಹುಂಜ ಬರೆದೆ. ಕತ್ತು ಎತ್ತಿ ಕೂಗುವ, ದಪ್ಪ ಜುಟ್ಟಿನ ಹುಂಜ. ಇನ್ನು ಯಾರಾದರೂ ಇದನ್ನು ಸಂಜೆ ಅನ್ನಲಿ!

ಗೋಡೆಗೆ ತೂಗುಹಾಕಿ ಶಾರದಾಳನ್ನು ಕರೆದೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ನೋಡಿದಳು.

"ಇದು ಯಾವೂರ್ರಾ?"

"ಯಾವೂರು ಅಂದ್ರ? ನಿಮ್ಮೂರ!"

"ನಮ್ಮೂರಲ್ಲಿ ಸೂರ್ಯ ಸಮುದ್ರದಿಂದ ಹುಟ್ಟೂದಿಲ್ಲ ರಾ. ಗುಡ್ಡದ ಬದಿಯಿಂದ ಬರ್ತಾನೆ." ಹುಂಜದ ಬಗ್ಗೆ ಏನೂ ಅನ್ನಲಿಲ್ಲ, ಪುಣ್ಯ. ಹತ್ತಿರ ಹೋಗಿ ಬಲತುದಿಯನ್ನು ಬೆರಳಿನಿಂದ ಸವರಿದಳು. "ಅಪ್ಪ ಎಲ್ಲಿ?"

"ನಿಮ್ಮಪ್ಪ ಇದರಾಗ ಎಲ್ಲಿ ಇದ್ರು?"

"ಇಲ್ಲೇ. ನೀವೇ ಸರೀರಿ ಸರೀರಿ ಅಂದ್ರಲ್ಲ. ಕೊಡೆ ಹಿಡಕಂಡು ಇಲ್ಲೇ ನಿಂತಿದ್ರು. ಅಪ್ಪನ್ನ ನೋಡೂಕೇ ಕಾದಿದ್ದೆ."

ಆ ಹುಳುಕು ಚುಕ್ಕೆ! ಮಾವನವರನ್ನು ನಾನು ಪೆನ್ಸಿಲಿನಿಂದ ಒರೆಸಿಹಾಕಿದ್ದೆ. ಅವಳು ಅಳಲಿಲ್ಲ, ಅತ್ತಿದ್ದರೆ ಚೆನ್ನಾಗಿತ್ತು. ಹೋಗಿ ಟ್ರಂಕಿನ ಮುಂದೆ ಕೂತಳು. ಒಳಗಿನಿಂದ ಅವ್ವನ ಧ್ವನಿ: "ಬೆಕ್ಕು ಮಲಗ್ತೇನಪಾ?"

"ಒಂದ ಕ್ಷಣ ನಿಂದರು!" ಎಂದು ಕೂಗಿ ಫೋಟೋ ಇಳಿಸಿದೆ. ಕುಂಚ ತೆಗೆದೆ. ಉಸಿರು ಬಿಗಿಹಿಡಿದು ಒಂದೇ ಏಟಿಗೆ ಮಾವನವರನ್ನು ಅವರ ಜಾಗದಲ್ಲಿ ನಿಲ್ಲಿಸಿದೆ. ಮುಖವಿಲ್ಲ, ಕಾಲಿಲ್ಲ, ಒಂದು ಕಪ್ಪು ಚುಕ್ಕೆ, ಅದರ ಮೇಲೊಂದು ಕೊಡೆಯ ಗುಮ್ಮಟ. ಅಂಥ ಗೆರೆ ಇಡೀ ಹುಬ್ಬಳ್ಳಿಯಲ್ಲಿ ಇನ್ನೊಬ್ಬ ಎಳೆಯಲಾರ. ಶಾರದಾ ನೋಡಿದಳು. ಅಪ್ಪನನ್ನು ನೋಡಿದಳು, ಹುಂಜವನ್ನು ನೋಡಿದಳು, ಮತ್ತೆ ಅಪ್ಪನನ್ನು ನೋಡಿದಳು. ಆಮೇಲೆ ನಮ್ಮ ಮನೆಗೆ ಬಂದ ಮೇಲೆ ಮೊದಲ ಸಲ ಬಿದ್ದು ಬಿದ್ದು ನಕ್ಕಳು.

"ಅಪ್ಪ ಹುಂಜ ಕಾಯೂಕೆ ನಿಂತ ಹಾಂಗೆ ಕಾಣ್ತ್ರು!"

ಆ ಸಂಜೆಯೇ ಸೀರೆಗಳು ಗೂಟಕ್ಕೆ ಬಂದವು. ಸಂಕ್ರಾಂತಿಗೆ ಹೋದಳು, ಹೇಳಿದ ಹಾಗೆ ನಾಲ್ಕೇ ದಿನಕ್ಕೆ ಬಂದಳು. ಆಗಲೂ ಟ್ರಂಕು ಒಯ್ಯಲಿಲ್ಲ. ಅದರ ಮೇಲೆ ಬೆಕ್ಕು ಮಲಗಿತ್ತಲ್ಲ, ಎಬ್ಬಿಸಲು ಮನಸ್ಸಾಗಲಿಲ್ಲವಂತೆ.

ಫೋಟೋ ಇನ್ನೂ ನಮ್ಮ ಪಡಸಾಲೆಯಲ್ಲಿದೆ, ಬಂದು ನೋಡಿ. ನನ್ನ ಕೇಸರಿ ಹಾರಿಹೋಗಿ ಸೂರ್ಯನಿಗೆ ಮತ್ತೆ ಜ್ವರ ಬಂದಿದೆ. ಬಂಗಾರ ಮಾಸಿದೆ. ಹುಂಜ ಎಲ್ಲಿದೆಯೆಂದು ನಾನೇ ತೋರಿಸಬೇಕು. ತುದಿಯ ಆ ಕಪ್ಪು ಮಾತ್ರ ಇಟ್ಟಾಗ ಇದ್ದ ಹಾಗೇ ಇದೆ. ಬಂದವರು ಅದನ್ನು ಹೊಗಳುತ್ತಾರೆ, ನಾನು ಮೀಸೆ ತಿರುವುತ್ತೇನೆ, ಶಾರದಾ ಚಹಾ ತಂದಿಟ್ಟು ಒಳಗೆ ಹೋಗುತ್ತಾಳೆ.

ಮೇಲೆ ಹೇಳಿದ್ದೆಲ್ಲ ಖರೇ, ಸೂರ್ಯ, ಹುಂಜ, ಬೆಕ್ಕು ಸಮೇತ. ಒಂದನ್ನು ಮಾತ್ರ ಕಟ್ಟಿ ಹೇಳಿದೆ: ಆ ಕುಂಚದ ಏಟು. ಕುಂಚ ಹಿಡಿದದ್ದು ನಿಜ, ಆದರೆ ಮಾವನವರ ಕೊಡೆ ಯಾವ ಹೆಗಲಿಗಿತ್ತೆಂದು ನೆನಪಾಗದೆ ಕೂತುಬಿಟ್ಟೆ. ಟ್ರಂಕಿನಿಂದ ಕಾಡಿಗೆಯ ಡಬ್ಬಿ ತೆಗೆದು, ಬೆರಳು ಅದ್ದಿ, ನನ್ನನ್ನು "ಸ್ವಲ್ಪ ಸರೀರಾ" ಎಂದು ಪಕ್ಕಕ್ಕೆ ಸರಿಸಿ, ಅಪ್ಪನನ್ನು ಅಲ್ಲಿ ನಿಲ್ಲಿಸಿದವಳು ಅವಳೇ.